ನಾನು ಕೂತ ಜಾಗಕ್ಕೆ ಸಂಗೀತ ಸರಿಯಾಗಿ ಕೇಳಿಸುವುದಿಲ್ಲ

ಪೈಪ್ ಆರ್ಗನ್ ನುಡಿಸುವುದು, ಗಾಯಕರ ತಂಡವಾದ ಕ್ವಾಯರ್ ನಡೆಸುವುದು, ಇವೆರಡೂ ನನ್ನ ಕಸುಬು. ಮೊದಲಿನಿಂದಲೂ ಎರಡನ್ನೂ ಜೊತೆಜೊತೆಗೇ ಮಾಡಿಕೊಂಡು ಬಂದಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದನ್ನೇ ಹಿಡಿಯೋಣ ಅಂತ ಯಾವತ್ತೂ ಅನ್ನಿಸಿಲ್ಲ. ಎರಡಕ್ಕೂ ಒಂದೇ ತಾಪತ್ರಯವಿದೆ, ಹೊರಗಿನವರಿಗೆ ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ: ಇಡೀ ಕಟ್ಟಡದಲ್ಲಿ ಸಂಗೀತ ಅತಿ ಕೆಟ್ಟದಾಗಿ ಕೇಳಿಸುವುದು ನಾನು ಕೂರುವ ಜಾಗಕ್ಕೆ.

ಕೀಲಿಮಣೆಗಳೂ ಸ್ಟಾಪ್ ಗುಬಟುಗಳೂ ಇರುವ ಭಾಗಕ್ಕೆ ಕನ್ಸೋಲ್ ಎನ್ನುತ್ತೇವೆ. ಒಂದೇ ಬಗೆಯ ದನಿಯ ಪೈಪುಗಳ ಸಾಲಿಗೆ ಸ್ಟಾಪ್ ಎಂದು ಹೆಸರು, ಅದರ ಗುಬಟು ಎಳೆದರೆ ಆ ಸಾಲು ನುಡಿಯುತ್ತದೆ. ಹಳೆಯ ವಾದ್ಯಗಳಲ್ಲಿ ಅದು ಪೈಪುಗಳ ಬುಡದಲ್ಲೇ ಇರುತ್ತದೆ. ತಲೆಯ ಮೇಲೆ ಒಂದು ಗುಂಪು ಪೈಪು, ಎಡಬಲಗಳಲ್ಲಿ ಪೆಡಲ್ ಎಂಬ ಕಾಲಿನ ಕೀಲಿಗಳ ದಪ್ಪ ಪೈಪುಗಳು, ಕೆಲವು ಕಡೆ ಬೆನ್ನ ಹಿಂದೆ ಇನ್ನೊಂದು ಚಿಕ್ಕ ಪೆಟ್ಟಿಗೆ. ಆ ಬೆನ್ನ ಹಿಂದಿನದು ಸಭೆಯ ಕಡೆ ಮುಖ ಮಾಡಿರುತ್ತದೆ. ಕೇಳುಗರಿಗೆ ಎಲ್ಲಕ್ಕಿಂತ ಹತ್ತಿರ, ನನಗೆ ಅದರ ಹಿಂಬದಿ ಮಾತ್ರ. ವಿದ್ಯುತ್ ಸಂಪರ್ಕದ ವಾದ್ಯಗಳ ಕಥೆ ಬೇರೆ. ಅಲ್ಲಿ ಕನ್ಸೋಲ್ ಒಂದು ಮೂಲೆಯಲ್ಲಿ, ಪೈಪುಗಳು ಮೂವತ್ತು ಮೀಟರ್ ಆಚೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಲೆಕ್ಕ ಹಾಕಿ ನೋಡಿ: ಕೀಲಿ ಒತ್ತಿ ಸುಮಾರು 90 ಮಿಲಿಸೆಕೆಂಡ್ ಕಳೆದ ಮೇಲೆ ಸ್ವರ ನನ್ನ ಕಿವಿ ಮುಟ್ಟುತ್ತದೆ. ದ್ರುತಗತಿಯ ಸಂಗೀತದಲ್ಲಿ ಅಷ್ಟು ಹೊತ್ತಿಗೆ ಬೆರಳು ಮುಂದಿನ ಸ್ವರಕ್ಕೆ ಹೋಗಿಯಾಗಿರುತ್ತದೆ. ಕಿವಿಯನ್ನು ನಂಬಿ ಕಾದರೆ ಕಾಲಪ್ರಮಾಣ ಎಳೆಯುತ್ತಾ ಎಳೆಯುತ್ತಾ ನಿಂತೇ ಹೋಗುತ್ತದೆ.

ಕ್ವಾಯರಿನ ಮುಂದೆ ನಿಂತರೂ ಅದೇ ಪಾಡು. ಮುಂದಿನ ಸಾಲಿನ ಇಬ್ಬರು ಸೊಪ್ರಾನೊಗಳು, ಅಂದರೆ ಅತಿ ಎತ್ತರದ ದನಿಯವರು, ನನಗೆ ಇಡೀ ಕ್ವಾಯರಿಗಿಂತ ಜೋರಾಗಿ ಕೇಳಿಸುತ್ತಾರೆ. ಹತ್ತನೇ ಸಾಲಿನಲ್ಲಿ ಕೂತವರಿಗೆ ಏನು ತಲುಪುತ್ತಿದೆ ಅನ್ನುವುದು ಬರೀ ಊಹೆ. ಈ ಊಹೆಯನ್ನು ಹದಕ್ಕೆ ತರುವುದರಲ್ಲೇ ನನ್ನ ವೃತ್ತಿಜೀವನದ ಬಹುಪಾಲು ಕಳೆದಿದೆ.

ಬಹುತೇಕ ಆರ್ಗನಿಸ್ಟರಂತೆ ನಾನೂ ಶುರು ಮಾಡಿದ್ದು ಪಿಯಾನೋದಿಂದ. ಅಲ್ಲಿ ಕಲಿತದ್ದರಲ್ಲಿ ನೊಟೇಶನ್ ಓದುವ ವೇಗ ಉಪಯೋಗಕ್ಕೆ ಬಂತು, ಕೈಯ ರೂಢಿ ಅಡ್ಡ ಬಂತು. ಪಿಯಾನೋ ಕೀಲಿ ಬೆರಳಿನ ಬಲಕ್ಕೆ ಉತ್ತರ ಕೊಡುತ್ತದೆ. ಆರ್ಗನ್ನಿನಲ್ಲಿ ಕೀಲಿಯೆಂದರೆ ಪೈಪಿಗೆ ಗಾಳಿ ಬಿಡುವ ಕವಾಟ, ಅಷ್ಟೇ. ಎಷ್ಟೇ ಸಿಟ್ಟಿನಿಂದ ಒತ್ತಿದರೂ ಸ್ವರದ ಗಾತ್ರ ಅಷ್ಟೇ, ಬೆರಳು ತೆಗೆಯುವವರೆಗೂ ಅಷ್ಟೇ. ಹಾರ್ಮೋನಿಯಂ ನುಡಿಸಿದವರಿಗೆ ಇದು ಅರ್ಧ ಅರ್ಥವಾಗುತ್ತದೆ, ಆದರೆ ಹಾರ್ಮೋನಿಯಂನಲ್ಲಿ ತಿದಿ ನಿಮ್ಮ ಕೈಯಲ್ಲೇ ಇರುವುದರಿಂದ ಒತ್ತಡ ಏರಿಸಬಹುದು, ಇಳಿಸಬಹುದು. ಆರ್ಗನ್ನಿನಲ್ಲಿ ಗಾಳಿಯ ಒತ್ತಡ ಸ್ಥಿರ. ಕೆಲವು ಪೈಪುಗಳನ್ನು ಪೆಟ್ಟಿಗೆಯೊಳಗಿಟ್ಟು ಅದರ ಪಟ್ಟಿಬಾಗಿಲುಗಳನ್ನು ಕಾಲಿನಿಂದ ತೆರೆದು ಮುಚ್ಚುವ ಏರ್ಪಾಟು ಉಂಟು, ಆದರೆ ಅದು ಇಡೀ ಗುಂಪಿಗೆ ಅನ್ವಯಿಸುವಂಥದ್ದು. ಒಂದೇ ಒಂದು ಸ್ವರವನ್ನು ಎತ್ತಿ ತೋರಿಸಲು ಉಪಯೋಗವಿಲ್ಲ.

ಹಾಗಾದರೆ ಒಂದು ಸ್ವರಕ್ಕೆ ಒತ್ತು ಕೊಡುವುದು ಹೇಗೆ? ಅದರ ಹಿಂದಿನ ಸ್ವರವನ್ನು ಚೂರು ಬೇಗ ಬಿಡಬೇಕು. ನಡುವೆ ಹುಟ್ಟುವ ಆ ಸಣ್ಣ ಖಾಲಿಯಿಂದಾಗಿ ಮುಂದಿನ ಸ್ವರ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಗುರುಗಳು ಶುರುವಿನಲ್ಲಿ ಕೀಲಿ ಒತ್ತುವ ವಿಷಯ ಎತ್ತಲೇ ಇಲ್ಲ, ಅವರ ಪಾಠವೆಲ್ಲ ಬಿಡುವುದರ ಬಗ್ಗೆ. ಒಂದು ಸರಳ ಸ್ವರಸಾಲನ್ನು ಕೊಟ್ಟು, ಮೊದಲು ಎರಡೆರಡು ಸ್ವರ ಕೂಡಿಸಿ, ಆಮೇಲೆ ಮೂರು ಕೂಡಿಸಿ ಒಂದು ಬಿಡಿಸಿ, ಹೀಗೆ ಬೇಸರ ಬರುವಷ್ಟು ಮಾಡಿಸಿದರು. ಎಷ್ಟು ಖಾಲಿ ಬಿಡಬೇಕು ಅನ್ನುವುದಕ್ಕೆ ಲೆಕ್ಕವಿಲ್ಲ, ಅದನ್ನು ತೀರ್ಮಾನಿಸುವುದು ಕಟ್ಟಡ. ಆರು ಸೆಕೆಂಡ್ ಅನುರಣನೆಯ ಕಲ್ಲಿನ ಚರ್ಚಿನಲ್ಲಿ ಧಾರಾಳವಾಗಿ ಬಿಡಿಸಿ ನುಡಿಸಿದರೂ ಕೇಳುಗರಿಗೆ ಕೂಡಿಕೊಂಡೇ ಕೇಳಿಸುತ್ತದೆ. ಕಾರ್ಪೆಟ್ ಹಾಸಿದ ಸಭಾಂಗಣದಲ್ಲಿ ಹಾಗೇ ನುಡಿಸಿದರೆ ಸಂಗೀತ ತುಂಡುತುಂಡು.

ಕಾಲಿನ ವಿಷಯಕ್ಕೆ ಜನರಿಗೆ ಕುತೂಹಲ ಹೆಚ್ಚು, ಹೇಳಲು ಇರುವುದು ಕಮ್ಮಿ. ಪೆಡಲ್ ಹಲಗೆಯಲ್ಲಿ ಸಾಮಾನ್ಯವಾಗಿ 30 ಅಥವಾ 32 ಕೀಲಿಗಳಿರುತ್ತವೆ. ತೆಳು ಅಟ್ಟೆಯ, ಹಿಮ್ಮಡಿಯಿರುವ ಶೂ ಬೇಕು. ಅದನ್ನು ಹಾಕಿಕೊಂಡು ಹೊರಗೆ ಓಡಾಡಬಾರದು, ಅಂಟಿದ ಮಣ್ಣು ಕೀಲಿಗಳ ನಡುವೆ ಸೇರುತ್ತದೆ. ಕೆಳಗೆ ನೋಡದೆ ಜಾಗ ಹುಡುಕಲು ಕಪ್ಪು ಕೀಲಿಗಳ ನಡುವಿನ ಅಗಲವಾದ ಸಂದುಗಳೇ ಗುರುತು, ಕಾಲ್ಬೆರಳಿನ ಪಕ್ಕಕ್ಕೆ ಅವು ಸಿಗುತ್ತವೆ. ದಿನವೂ ಮಾಡಿದರೆ ಬರುತ್ತದೆ. ನಿಜವಾಗಿ ಕಷ್ಟವಾಗುವುದು ಕಾಲಿಗೂ ಎಡಗೈಗೂ ಇರುವ ನಂಟು ಬಿಡಿಸುವುದು. ತಗ್ಗಿನ ಸ್ವರ ಎಡಗೈಯದ್ದು ಅಂತ ಪಿಯಾನೋ ಕಲಿಸಿರುತ್ತದೆ, ಹಾಗಾಗಿ ಪೆಡಲ್ ಕೆಳಗಿಳಿದಾಗೆಲ್ಲ ಎಡಗೈಯೂ ಹಿಂದೆಯೇ ಹೊರಡುತ್ತದೆ.

ಇದಕ್ಕೆ ಮದ್ದು ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಆರು ಟ್ರಿಯೊ ಸೊನಾಟಾಗಳು. ಬಲಗೈಗೆ ಒಂದು ಧಾರೆ, ಎಡಗೈಗೆ ಬೇರೆ ಕೀಲಿಮಣೆಯಲ್ಲಿ ಇನ್ನೊಂದು, ಕಾಲಿಗೆ ಮೂರನೆಯದು. ಹಿರಿಯ ಮಗನ ಅಭ್ಯಾಸಕ್ಕೆಂದು ಬಾಖ್ ಇವನ್ನು ಬರೆದ ಎನ್ನುತ್ತಾರೆ. ಆ ಮಗನ ಬಗ್ಗೆ ನನಗೆ ಕನಿಕರವಿದೆ. ಮೂರೂ ಧಾರೆಗಳು ಬೆತ್ತಲಾಗಿ ಕೇಳಿಸುತ್ತವೆ, ಒಂದರ ಹಿಂದೆ ಇನ್ನೊಂದನ್ನು ಬಚ್ಚಿಡಲು ಬರುವುದಿಲ್ಲ.

ಇವನ್ನು ಕಲಿಯುವ ದಾರಿಯನ್ನು ನಾನು ತೆಗೆದುಕೊಂಡದ್ದು ಹೆಲ್ಮುಟ್ ವಾಲ್ಖಾ ಅವರಿಂದ. ಹದಿಹರೆಯದಲ್ಲಿ ಕಣ್ಣು ಕಳೆದುಕೊಂಡ ಜರ್ಮನಿಯ ಆರ್ಗನಿಸ್ಟ್ ಅವರು. ಒಂದೊಂದೇ ಧಾರೆಯನ್ನು ಬೇರೆಯವರಿಂದ ನುಡಿಸಿ ಕೇಳಿಸಿಕೊಂಡು, ಬಾಯಿಪಾಠ ಮಾಡಿ, ಆಮೇಲೆ ಎಲ್ಲವನ್ನೂ ಮನಸ್ಸಿನಲ್ಲಿ ಹೆಣೆದುಕೊಳ್ಳುತ್ತಿದ್ದರು. ನನಗೆ ಕಣ್ಣಿದೆ, ಅಷ್ಟು ದೂರ ಹೋಗಬೇಕಾಗಿಲ್ಲ. ಹಾಗಾಗಿ ನಾನು ಒಂದು ಧಾರೆಯನ್ನು ಹಾಡುತ್ತೇನೆ, ಉಳಿದೆರಡನ್ನು ನುಡಿಸುತ್ತೇನೆ. ಮೊದಲು ಬಲಗೈಯದ್ದನ್ನು ಹಾಡುವುದು, ಇದು ಸುಲಭ. ಆಮೇಲೆ ಪೆಡಲಿನದು. ಕಡೆಗೆ ಎಡಗೈಯದ್ದನ್ನು ಹಾಡುತ್ತಾ ಬಲಗೈ ಮತ್ತು ಕಾಲು ನುಡಿಸುವುದು. ಬೆರಳಿಗೆ ಬಂದಿದೆ ಅಂದುಕೊಂಡ ಎಷ್ಟೋ ಸಾಲುಗಳು ಬಾಯಿಗೆ ಬಂದಿರುವುದಿಲ್ಲ. ಹಾಡಲು ಎಲ್ಲಿ ತಡವರಿಸುತ್ತೇನೋ ಕಛೇರಿಯಲ್ಲಿ ಆಯತಪ್ಪುವುದೂ ಸರಿಯಾಗಿ ಅಲ್ಲೇ. ಈಗಲೂ ಹೊಸ ಕೃತಿ ಹಿಡಿದರೆ ಇದೇ ಕ್ರಮ. ನನ್ನ ಕಂಠ ಚೆನ್ನಾಗಿಲ್ಲ, ರಾತ್ರಿ ಹೊತ್ತು ಖಾಲಿ ಕಟ್ಟಡದಲ್ಲಿ ಅಭ್ಯಾಸ ಮಾಡುವುದರಿಂದ ಯಾರಿಗೂ ತೊಂದರೆಯಿಲ್ಲ.

ಕ್ವಾಯರ್ ನನ್ನ ಪಾಲಿಗೆ ಬಂದದ್ದು ಕೆಲಸದ ಷರತ್ತಾಗಿ. ಎಷ್ಟೋ ಚರ್ಚುಗಳಲ್ಲಿ ಹುದ್ದೆಯೇ ಹಾಗೆ, ಆರ್ಗನಿಸ್ಟ್ ಮತ್ತು ಕ್ವಾಯರ್ ನಿರ್ದೇಶಕರು ಒಬ್ಬರೇ. ಕೀಲಿಮಣೆಯ ಮುಂದೆ ಕೂತು ಕಲಿತವರಿಗೆ ನಲವತ್ತು ಜನರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಸುಲಭವಲ್ಲ. ಆರ್ಗನ್ನಿಗೆ ದಿನದ ಕೆಲಸದ ಆಯಾಸವಿರುವುದಿಲ್ಲ. ಹವ್ಯಾಸಿ ಗಾಯಕರು ಇಡೀ ದಿನ ದುಡಿದು, ಹಸಿದು, ತಾಲೀಮಿಗೆ ಬರುತ್ತಾರೆ. ಮೊದಲ ಹತ್ತು ನಿಮಿಷ ಅವರನ್ನು ಹಾಡಿಸದೆ ಬೆನ್ನು, ಭುಜ, ದವಡೆ ಸಡಿಲಿಸಲು ಕೊಡುತ್ತೇನೆ. ಇದನ್ನು ದಂಡ ಅನ್ನುವ ನಿರ್ದೇಶಕರಿದ್ದಾರೆ. ಅವರ ಕ್ವಾಯರುಗಳು ಮುಕ್ಕಾಲು ಗಂಟೆಯ ನಂತರ ಶ್ರುತಿ ಇಳಿಯುವುದನ್ನು ನಾನು ಕೇಳಿದ್ದೇನೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಮೊಟ್ಸಾರ್ಟ್‌ನ ‘ಆವೆ ವೆರುಮ್ ಕೊರ್ಪುಸ್’ ಬರೀ 46 ಬಾರ್‌ಗಳ (ತಾಳದ ಆವರ್ತದಂಥ ಖಂಡಗಳ) ಲ್ಯಾಟಿನ್ ಕೃತಿ, ಆತ ತೀರಿಕೊಂಡ ವರ್ಷವೇ, 1791ರ ಜೂನ್ ತಿಂಗಳಲ್ಲಿ, ಬರೆದದ್ದು. ಶುರುವಿನಲ್ಲಿ ‘ಸೊಟ್ಟೊ ವೋಚೆ’ ಅಂತ ಸೂಚನೆ, ಅಂದರೆ ತಗ್ಗಿದ ದನಿಯಲ್ಲಿ. ನೋಡಲು ತೀರಾ ಸರಳ, ಅದಕ್ಕೇ ಎಲ್ಲ ಕ್ವಾಯರುಗಳೂ ಹಾಡುತ್ತವೆ. ಚೆನ್ನಾಗಿ ಹಾಡುವವು ಕಡಿಮೆ. ಮೊದಲ ಅಕ್ಷರ ‘ಆ’. ನಲವತ್ತು ಜನ ಹಾಡಿದರೆ ನಲವತ್ತು ‘ಆ’. ಕೆಲವರದು ನಗುವಾಗಿನ ಅಗಲ ಬಾಯಿಯ ‘ಆ’, ಕೆಲವರದು ಗಂಟಲಲ್ಲೇ ಉಳಿದದ್ದು. ಶ್ರುತಿ ಸರಿಯಿದ್ದರೂ ಸ್ವರಾಕ್ಷರ ಬೇರೆ ಬೇರೆಯಾದರೆ ಶ್ರುತಿ ತಪ್ಪಿದಂತೆಯೇ ಕೇಳಿಸುತ್ತದೆ. ಆದ್ದರಿಂದ ಪದ ಬಿಟ್ಟು ಇಡೀ ಮೊದಲ ಸಾಲನ್ನು ‘ಊ’ ಮೇಲೆ ಹಾಡಿಸುತ್ತೇನೆ. ತುಟಿಯ ಆಕಾರ ಬದಲಿಸದೆ ದವಡೆ ಮಾತ್ರ ಇಳಿಸಿ ಅಂತ ಹೇಳಿದರೆ ‘ಊ’ ತಾನಾಗಿ ಒಂದು ಉದ್ದನೆಯ ‘ಆ’ ಆಗುತ್ತದೆ, ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರದ್ದು.

ಎರಡನೇ ‘ಆವೆ’ಯಲ್ಲಿ ಸೊಪ್ರಾನೊ ಅರ್ಧರ್ಧ ಸ್ವರದ ಅಂತರದಲ್ಲಿ ಕೆಳಗಿಳಿಯುತ್ತದೆ. ಇಲ್ಲೇ ಅಪಾಯ. ಇಳಿಯುವ ಮೆಟ್ಟಿಲು ಎಲ್ಲರಿಗೂ ದೊಡ್ಡದಾಗಿಬಿಡುತ್ತದೆ, ಎರಡು ಬಾರ್ ಆಗುವಷ್ಟರಲ್ಲಿ ಇಡೀ ಕ್ವಾಯರ್ ಕೆಳಗೆ. ಸೊಪ್ರಾನೊ ಸಾಲನ್ನು ಪಿಯಾನೋದಲ್ಲಿ ಬಾರಿಸಿ ತೋರಿಸುವುದು ಸುಲಭದ ದಾರಿ, ನಾನು ಆ ದಾರಿ ಹಿಡಿಯುವುದಿಲ್ಲ. ಅತಿ ತಗ್ಗಿನ ದನಿಯ ಬಾಸ್‌ಗಳ ಒಂದು ಸ್ವರವನ್ನು ಮಾತ್ರ ಹಿಡಿಸಿ ನಿಲ್ಲಿಸಿ, ಅದರ ಮೇಲೆ ಸೊಪ್ರಾನೊಗಳು ನಿಧಾನವಾಗಿ ಇಳಿಯಲಿ, ಪ್ರತಿ ಹೆಜ್ಜೆಯಲ್ಲೂ ನಿಂತು ಕೇಳಲಿ ಎನ್ನುತ್ತೇನೆ. ಕಾರಣ ಇಷ್ಟೆ. ಪಿಯಾನೋದ ಮೇಜರ್ ಥರ್ಡ್ (ಷಡ್ಜದಿಂದ ಅಂತರ ಗಾಂಧಾರದಷ್ಟು ದೂರ) ಶುದ್ಧ ಅಂತರಕ್ಕಿಂತ ಸುಮಾರು 14 ಸೆಂಟ್ ಹೆಚ್ಚು, ಅಂದರೆ ಅರ್ಧ ಸ್ವರದ ಏಳನೇ ಒಂದು ಭಾಗ. ವಾದ್ಯವಿಲ್ಲದೆ ಹಾಡುವಾಗ ಕ್ವಾಯರಿನ ಕಿವಿ ಶುದ್ಧ ಅಂತರವನ್ನೇ ಹುಡುಕುತ್ತದೆ. ಯಾವಾಗಲೂ ಪಿಯಾನೋ ಹಿಡಿದು ಕಲಿತವರು ಅದನ್ನು ಹುಡುಕುವುದನ್ನೇ ಬಿಡುತ್ತಾರೆ.

ವ್ಯಂಜನಗಳು ತಾಳಕ್ಕಿಂತ ಮುಂಚೆ ಬರಬೇಕು, ತಾಳದ ಮೇಲೆ ಬೀಳಬೇಕಾದದ್ದು ಸ್ವರಾಕ್ಷರ. ಉದ್ದನೆಯ ಸಾಲಿನಲ್ಲಿ ಪಕ್ಕದವರು ಉಸಿರೆಳೆಯುವಾಗ ನೀವು ಎಳೆಯಬೇಡಿ. ಬಾರ್ ಗೆರೆಯ ಹತ್ತಿರ ಬೇಡ, ಸ್ವರಾಕ್ಷರದ ಮಧ್ಯೆ ಮೆಲ್ಲಗೆ ಬಿಟ್ಟು ಮೆಲ್ಲಗೆ ಸೇರಿಕೊಳ್ಳಿ. ಪ್ರತಿ ತಾಲೀಮಿನಲ್ಲೂ ಇದನ್ನು ಹೇಳುತ್ತೇನೆ, ಪ್ರತಿ ತಾಲೀಮಿನಲ್ಲೂ ಯಾರಾದರೂ ಮೊದಲ ಬಾರಿಗೆ ಕೇಳಿದವರಂತೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ.

ಕೃತಿ ಅರ್ಧಕ್ಕರ್ಧ ಕೈಗೆ ಬಂದ ಕೂಡಲೇ ನಾನು ಮಾಡುವುದು ಒಂದೇ: ಕಾಲಪ್ರಮಾಣ ಕೊಟ್ಟು, ಕೈ ಇಳಿಸಿ, ಕ್ವಾಯರಿಗೆ ಬೆನ್ನು ಹಾಕಿ ಸಭಾಂಗಣದ ಕೊನೆಗೆ ನಡೆದುಹೋಗುವುದು. ಹೊಸಬರು ಗಾಬರಿಯಾಗುತ್ತಾರೆ, ಹಾಡು ಅಲ್ಲಾಡುತ್ತದೆ. ಎರಡನೇ ಸಲಕ್ಕೆ ನನ್ನನ್ನು ನೋಡುವ ಕಣ್ಣು ಪಕ್ಕದವರ ಉಸಿರಿನ ಕಡೆ ತಿರುಗುತ್ತದೆ. ಇತ್ತ ನನಗೆ ಆ ನಡಿಗೆಯಲ್ಲಿ ಸಿಗುವ ಮಾಹಿತಿ ಮುಂದೆ ನಿಂತು ಗಂಟೆಗಟ್ಟಲೆ ತಾಲೀಮು ಮಾಡಿದರೂ ಸಿಗುವುದಿಲ್ಲ. ಸೊಪ್ರಾನೊಗಿಂತ ತಗ್ಗಿನ ದನಿಯ ಆಲ್ಟೊಗಳು ಮೊದಲ ಐದು ಸಾಲು ದಾಟುವುದಿಲ್ಲ ಅನ್ನುವುದು ಒಮ್ಮೆ ಹೀಗೇ ಗೊತ್ತಾಯಿತು. ಅವರಿಗೆ ಜೋರಾಗಿ ಹಾಡಿ ಅನ್ನುವ ಬದಲು ಎತ್ತರದ ಗಂಡು ದನಿಯ ಟೆನರ್‌ಗಳ ಜೊತೆ ಜಾಗ ಅದಲುಬದಲು ಮಾಡಿಸಿದೆ, ಸರಿಹೋಯಿತು. ನಾಲ್ಕೂ ದನಿಗಳನ್ನು ಬೆರೆಸಿ ನಿಲ್ಲಿಸುವುದು ಇನ್ನೂ ಒಳ್ಳೆಯದು, ಆದರೆ ತಮ್ಮ ಸಾಲು ಗಟ್ಟಿ ಬರುವವರಿಗೆ ಮಾತ್ರ.

ಇನ್ನು ಬೇರೆ ಊರುಗಳ ವಾದ್ಯಗಳ ವಿಷಯ. ವಯಲಿನ್ ನುಡಿಸುವವರು ತಮ್ಮ ವಾದ್ಯವನ್ನು ಹೊತ್ತು ಹೋಗುತ್ತಾರೆ. ಆರ್ಗನಿಸ್ಟ್ ಶೂ ಹೊತ್ತು ಹೋಗುತ್ತಾರೆ. ಎರಡು ಕೀಲಿಮಣೆಯೋ ಐದೋ, ಇಪ್ಪತ್ತು ಸ್ಟಾಪೋ ನೂರೋ, ಕೀಲಿ ಹಗುರವೋ ಭಾರವೋ, ಎಲ್ಲವೂ ಹೊಸದು. ಸ್ಟಾಪುಗಳ ಪಟ್ಟಿಯನ್ನು ಮೊದಲೇ ತರಿಸಿಕೊಂಡು ಕಾಗದದ ಮೇಲೆ ಒಂದು ಯೋಜನೆ ಹಾಕುತ್ತೇನೆ. ಅಲ್ಲಿಗೆ ಹೋದ ಮೇಲೆ ಅದರಲ್ಲಿ ಅರ್ಧ ಬದಲಾಗುತ್ತದೆ, ಏಕೆಂದರೆ ಪಟ್ಟಿಯಲ್ಲಿ ಹೆಸರಿರುತ್ತದೆ, ದನಿ ಇರುವುದಿಲ್ಲ. ಒಂದು ಕಡೆಯ ಮೆದು ದನಿಯ ಫ್ಲೂಟ್ ಸ್ಟಾಪ್ ಇನ್ನೊಂದು ಕಡೆಯ, ಆರ್ಗನ್ನಿನ ಮೂಲ ದನಿಯಾದ ಪ್ರಿನ್ಸಿಪಲ್‌ನಷ್ಟು ದಪ್ಪ ಇರಬಹುದು.

ಹೋದ ಕೂಡಲೇ ಕೃತಿ ನುಡಿಸುವುದಿಲ್ಲ. ಎಂಟಡಿ ಪ್ರಿನ್ಸಿಪಲ್ ಒಂದನ್ನೇ ತೆಗೆದು ನಿಧಾನಕ್ಕೆ ಕೆಲವು ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ನುಡಿಸಿ, ಕೈ ಎತ್ತಿ, ಅನುರಣನೆ ಎಷ್ಟು ಹೊತ್ತು ಉಳಿಯುತ್ತದೆ ಕೇಳುತ್ತೇನೆ. ಎಂಟಡಿ ಅಂದರೆ ಆ ಸಾಲಿನ ಅತಿ ತಗ್ಗಿನ ‘ಸಿ’ ಸ್ವರದ ತೆರೆದ ಪೈಪಿನ ಉದ್ದ. ಹದಿನಾರಡಿಯದು ಒಂದು ಸ್ಥಾಯಿ ಕೆಳಗೆ, ನಾಲ್ಕಡಿಯದು ಒಂದು ಸ್ಥಾಯಿ ಮೇಲೆ. ಜಾಗವಿಲ್ಲದ ಕಡೆ ಪೈಪಿನ ಮೇಲ್ತುದಿ ಮುಚ್ಚಿ ಅರ್ಧ ಉದ್ದದಲ್ಲೇ ಅದೇ ತಗ್ಗು ಸ್ವರ ತೆಗೆಯುತ್ತಾರೆ. ಮೂವತ್ತೆರಡಡಿಯ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 16 ಕಂಪನಗಳದು, ಅದು ಕಿವಿಗಿಂತ ಹೆಚ್ಚಾಗಿ ಕೂತ ಬೆಂಚಿಗೆ ಗೊತ್ತಾಗುತ್ತದೆ. ಆಮೇಲೆ ಎಲ್ಲ ಸ್ಟಾಪುಗಳನ್ನೂ ಒಟ್ಟಿಗೆ ತೆಗೆದು ಎರಡು ದೊಡ್ಡ ಕಾರ್ಡ್. ಹೊಸ ಆರ್ಗನ್ ಪರೀಕ್ಷಿಸಲು ಹೋದಾಗ ಬಾಖ್ ಮೊದಲು ಮಾಡುತ್ತಿದ್ದದ್ದೂ ಇದೇ, ವಾದ್ಯದ ಶ್ವಾಸಕೋಶ ಚೆನ್ನಾಗಿದೆಯೇ ನೋಡಬೇಕು ಎನ್ನುತ್ತಿದ್ದ ಅಂತ ಅವನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಬರೆದಿದ್ದಾನೆ. ಗಾಳಿ ಸಾಲದ ವಾದ್ಯದಲ್ಲಿ ದೊಡ್ಡ ಕಾರ್ಡ್ ಹಿಡಿದರೆ ಶ್ರುತಿ ಕುಸಿಯುತ್ತದೆ. ಅದು ಗೊತ್ತಾದರೆ ಕೊನೆಯ ಪುಟದಲ್ಲಿ ಯಾವ ಸ್ಟಾಪ್ ಬಿಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಈಗ ಮುಖ್ಯ ಕೆಲಸ. ನನ್ನ ಜೊತೆ ಬರುವ ಸಹಾಯಕರು ಕನ್ಸೋಲಿನಲ್ಲಿ ಕೂತು ನುಡಿಸುತ್ತಾರೆ, ನಾನು ಕೆಳಗಿಳಿದು ಓಡಾಡುತ್ತೇನೆ. ಮೂರನೇ ಸಾಲು, ಮಧ್ಯ, ಹಿಂದುಗಡೆ ಗ್ಯಾಲರಿಯ ಕೆಳಗೆ. ಮಿಕ್ಸ್ಚರ್ ಅನ್ನುವ, ಒಂದೊಂದು ಕೀಲಿಗೂ ಹಲವು ಚಿಕ್ಕ ಪೈಪುಗಳು ನುಡಿಯುವ ಸ್ಟಾಪ್ ಕನ್ಸೋಲಿನಲ್ಲಿ ಕಿವಿ ಕೊರೆಯುತ್ತದೆ, ಗ್ಯಾಲರಿಯ ಕೆಳಗೆ ಹೋದರೆ ಅದು ಇದೆಯೋ ಇಲ್ಲವೋ ಅನ್ನಿಸುತ್ತದೆ. ಅಲ್ಲಿ ಪೆಡಲ್ ಮಾತ್ರ ಗುಂಯ್‌ಗುಡುತ್ತಿರುತ್ತದೆ. ಮೂರೂ ಕಡೆ ಒಪ್ಪುವ ಜೋಡಣೆ ಸಿಗುವುದೇ ಇಲ್ಲ, ನಾನು ಮಧ್ಯದವರಿಗೆ ನುಡಿಸುತ್ತೇನೆ. ಜೊತೆಗೆ ಖಾಲಿ ಸಭಾಂಗಣ ಸುಳ್ಳು ಹೇಳುತ್ತದೆ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಸೇರಿ ಶಬ್ದ ಹೀರಿಕೊಳ್ಳುತ್ತವೆ, ಅನುರಣನೆ ಕಡಿಮೆಯಾಗುತ್ತದೆ, ಮೇಲಿನ ಸ್ಥಾಯಿಯ ಹೊಳಪು ಮೊದಲು ಹೋಗುತ್ತದೆ. ಅದಕ್ಕೇ ತಾಲೀಮಿನಲ್ಲಿ ಕೊಂಚ ಹೆಚ್ಚೇ ಚೂಪು ಅನ್ನಿಸುವ ಜೋಡಣೆಯನ್ನು ಇಟ್ಟುಕೊಳ್ಳುತ್ತೇನೆ, ಸಹಾಯಕರು ಮುಖ ಸಿಂಡರಿಸಿದರೂ. ಸಹಾಯಕರು ಇಲ್ಲದ ಕಡೆ ಫೋನನ್ನು ಹತ್ತನೇ ಸಾಲಿನ ಕುರ್ಚಿಯ ಮೇಲಿಟ್ಟು ಧ್ವನಿಮುದ್ರಿಸಿಕೊಳ್ಳುತ್ತೇನೆ. ದನಿಯ ಬಣ್ಣವನ್ನು ಫೋನ್ ಕೆಡಿಸುತ್ತದೆ, ಆದರೆ ಯಾವ ಧಾರೆ ಮುಳುಗಿದೆ ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳುತ್ತದೆ.

ವೇಗವನ್ನೂ ಕಟ್ಟಡವೇ ಹೇಳಬೇಕು. ಫ್ರೆಂಚ್ ಆರ್ಗನಿಸ್ಟ್ ವಿಡೋರ್ ಆರ್ಗನ್ನಿಗೆಂದೇ ಬರೆದ ಐದನೇ ಸಿಂಫನಿಯ ಟೊಕಾಟಾ ಎಲ್ಲ ಸಂಘಟಕರೂ ಕೇಳುವ ತುಣುಕು. ಅದನ್ನು ಓಡಿಸಿಕೊಂಡು ನುಡಿಸುವುದು ರೂಢಿಯಾಗಿದೆ. ವಿಡೋರ್ 1870ರಿಂದ ಅರವತ್ತಕ್ಕೂ ಹೆಚ್ಚು ವರ್ಷ ಪ್ಯಾರಿಸಿನ ಸಾಂ ಸುಲ್ಪಿಸ್ ಚರ್ಚಿನಲ್ಲಿ, ಆರ್ಗನ್ ತಯಾರಕ ಕವಾಯೆ-ಕೊಲ್ 1862ರಲ್ಲಿ ಮುಗಿಸಿದ ಐದು ಕೀಲಿಮಣೆಯ ವಾದ್ಯ ನುಡಿಸಿದವನು. 1932ರಲ್ಲಿ, 88ನೇ ವಯಸ್ಸಿನಲ್ಲಿ, ಅದೇ ವಾದ್ಯದಲ್ಲಿ ಈ ಟೊಕಾಟಾವನ್ನು ಧ್ವನಿಮುದ್ರಿಸಿದ. ಇವತ್ತಿನವರು ಕೇಳಿದರೆ ಇಷ್ಟು ನಿಧಾನವೇ ಅನ್ನುತ್ತಾರೆ. ವಯಸ್ಸಾಗಿತ್ತು ಅನ್ನುವ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ಮೇಲಿನ ಚಿಕ್ಕ ಸ್ವರಗಳು ಒಂದೊಂದಾಗಿ ಕೇಳಿಸಬೇಕಾದರೆ ಅಷ್ಟೇ ವೇಗ ಸಾಧ್ಯ.

ತಾಪಮಾನದ ಕಾಟ ಬೇರೆ. ಗಾಳಿ ಬೆಚ್ಚಗಾದರೆ ಕೊಳಲಿನ ಬಗೆಯ ಪೈಪುಗಳ ಶ್ರುತಿ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. ಲೋಹದ ನಾಲಿಗೆ ಕಂಪಿಸುವ ರೀಡ್ ಪೈಪುಗಳು ಹೆಚ್ಚೂಕಡಿಮೆ ಇದ್ದಲ್ಲೇ ಇರುತ್ತವೆ. ಹಾಗಾಗಿ ಬೆಳಿಗ್ಗೆ ತಣ್ಣಗಿನ ಹೊತ್ತಲ್ಲಿ ಶ್ರುತಿ ಮಾಡಿ, ಸಂಜೆ ದೀಪ ಹಚ್ಚಿ ಜನ ತುಂಬಿದರೆ ಇಬ್ಬರಿಗೂ ಜಗಳ. ಕಛೇರಿಯ ಹೊತ್ತಿನ ತಾಪಮಾನದಲ್ಲೇ ಶ್ರುತಿ ಮಾಡಿಸಿ ಅಂತ ಕರಾರಿನಲ್ಲೇ ಬರೆಯುತ್ತೇನೆ. ಒಂದು ಕಡೆ ಅದನ್ನು ಯಾರೂ ಓದಿರಲಿಲ್ಲ, ಟ್ರಂಪೆಟ್ ಸ್ಟಾಪುಗಳನ್ನೆಲ್ಲ ಬಿಟ್ಟು ಕಾರ್ಯಕ್ರಮ ಮುಗಿಸಬೇಕಾಯಿತು.

ಇನ್ನೊಂದು ಕಡೆ ಫ್ಯೂಗ್ ಎಂಬ ಬಗೆಯ ಕೃತಿಯ ಮಧ್ಯದಲ್ಲಿ ಒಂದು ಸ್ವರ ಸಿಕ್ಕಿಹಾಕಿಕೊಂಡಿತು, ಬೆರಳು ತೆಗೆದರೂ ನಿಲ್ಲಲೊಲ್ಲದು. ನಮ್ಮ ಭಾಷೆಯಲ್ಲಿ ಇದಕ್ಕೆ ಸೈಫರ್ ಅನ್ನುತ್ತಾರೆ. ಗಾಬರಿಯಾಗಿ ನಿಲ್ಲಿಸಬಾರದು. ಕೈಗಳನ್ನು ಬೇರೆ ಕೀಲಿಮಣೆಗೆ ಒಯ್ದು ನುಡಿಸುತ್ತಲೇ ಇರಬೇಕು. ಅಷ್ಟರಲ್ಲಿ ಸಹಾಯಕರು ಕೆಟ್ಟ ಕೀಲಿಮಣೆಯ ಸ್ಟಾಪುಗಳನ್ನು ಒಂದೊಂದಾಗಿ ಒಳಗೆ ತಳ್ಳುತ್ತಾ ಹೋಗಬೇಕು. ಯಾವುದನ್ನು ತಳ್ಳಿದಾಗ ಸ್ವರ ಸಾಯುತ್ತದೋ ದೋಷ ಅದರ ಪೈಪಿನ ಕವಾಟದಲ್ಲಿದೆ, ಆ ಸ್ಟಾಪಿಲ್ಲದೆ ಮುಂದುವರಿಯಬಹುದು. ನಾವು ಹಾಗೇ ಮಾಡಿದೆವು. ವಿರಾಮದಲ್ಲಿ ಶ್ರುತಿಗಾರರು ಪೆಟ್ಟಿಗೆಯೊಳಗೆ ಹೋಗಿ ಆ ಪೈಪನ್ನೇ ಕಿತ್ತು ಹೊರಗಿಟ್ಟರು. ಸಭಿಕರಲ್ಲಿ ಕೆಲವರು ಅದು ಕೃತಿಯ ಭಾಗವೇ ಅಂದುಕೊಂಡಿದ್ದರು. ಆಧುನಿಕ ಸಂಗೀತದ ಬಗ್ಗೆ ಜನರಿಗಿರುವ ತಾಳ್ಮೆ ದೊಡ್ಡದು.

ಹೊಟ್ಟೆಪಾಡಿನ ಮಾತು. ಬರೀ ಕಛೇರಿಗಳಿಂದ ಬದುಕುವ ಆರ್ಗನಿಸ್ಟರು ಬೆರಳೆಣಿಕೆಯಷ್ಟು. ಹೆಸರಾಂತವರೂ ಒಂದು ಚರ್ಚಿನ ಹುದ್ದೆ ಇಟ್ಟುಕೊಂಡವರೇ. ಫ್ರೆಂಚ್ ಸಂಗೀತಕಾರ ಮೆಸಿಯನ್ 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೂ ಪ್ಯಾರಿಸಿನ ಟ್ರಿನಿಟಿ ಚರ್ಚಿನ ಆರ್ಗನಿಸ್ಟ್. ನನ್ನ ಆದಾಯವೂ ಅಂಥ ಹುದ್ದೆ, ಪಾಠ, ಕಛೇರಿ, ಮದುವೆ, ಶವಸಂಸ್ಕಾರ ಎಲ್ಲ ಸೇರಿದ್ದು. ಹುದ್ದೆಯಿದ್ದರೆ ಅಭ್ಯಾಸಕ್ಕೆ ವಾದ್ಯ ಸಿಗುತ್ತದೆ ಅನ್ನುವುದು ಸಂಬಳಕ್ಕಿಂತ ದೊಡ್ಡ ಲಾಭ. ಮನೆಯಲ್ಲಿ ಡಿಜಿಟಲ್ ಆರ್ಗನ್ ಇದೆ, ಹೆಡ್‌ಫೋನ್ ಹಾಕಿಕೊಂಡು ಬೆರಳು, ಕಾಲು ಕೂಡಿಸಿಕೊಳ್ಳಲು ಸಾಕು. ಸ್ವರ ಬಿಡುವುದನ್ನು ಅದು ಕಲಿಸುವುದಿಲ್ಲ.

ಹುದ್ದೆಯ ಜೊತೆಗೆ ಆಡಳಿತದವರೂ ಬರುತ್ತಾರೆ. ತೀರಾ ಬೇಸರವಾದಾಗ ನಾನು ಬಾಖ್‌ನನ್ನು ನೆನೆಯುತ್ತೇನೆ. ಅವನು ಆರ್ಗನಿಸ್ಟ್ ಆಗಿದ್ದ ಆರ್ನ್‌ಸ್ಟಾಟ್‌ನಲ್ಲಿ ಅವನ ಮೇಲೆ 1706ರಲ್ಲಿ ವಿಚಾರಣೆಯೇ ಆಯಿತು: ಗೀತೆಗಳಲ್ಲಿ ವಿಚಿತ್ರ ಸ್ವರಗಳನ್ನು ಬೆರೆಸಿ ಸಭೆಯವರನ್ನು ಗಲಿಬಿಲಿ ಮಾಡುತ್ತಾನೆ, ಪೀಠಿಕೆ ಉದ್ದವಾಯಿತು ಅಂದ ಕೂಡಲೇ ತೀರಾ ಚಿಕ್ಕದಾಗಿ ನುಡಿಸುತ್ತಾನೆ. ಹಿರಿಯ ಆರ್ಗನಿಸ್ಟ್ ಬುಕ್ಸ್ಟೆಹುಡೆಯ ಸಂಗೀತ ಕೇಳಲು ಲ್ಯೂಬೆಕ್‌ಗೆ ಹೋದವನು ಕೊಟ್ಟ ರಜೆಗಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಅಲ್ಲೇ ಉಳಿದದ್ದೂ ಆರೋಪಗಳಲ್ಲಿ ಒಂದು. 1720ರಲ್ಲಿ ಹ್ಯಾಂಬರ್ಗಿನ ಸಂತ ಯಾಕೋಬನ ಚರ್ಚಿನ ಹುದ್ದೆ ಖಾಲಿಯಾದಾಗ ಅವನ ಹೆಸರೂ ಅಭ್ಯರ್ಥಿಗಳಲ್ಲಿತ್ತು. ಹುದ್ದೆ ಸಿಕ್ಕಿದ್ದು ಚರ್ಚಿಗೆ 4000 ಮಾರ್ಕ್ ಕಾಣಿಕೆ ಕೊಟ್ಟ ಇನ್ನೊಬ್ಬರಿಗೆ.

ಮದುವೆಗಳು ನನಗೆ ಮನೋಧರ್ಮ ಸಂಗೀತ ಕಲಿಸಿದವು. ವಧು ಬರುವವರೆಗೂ ನುಡಿಸುತ್ತಿರಬೇಕು, ಬಂದ ಕೂಡಲೇ ಮುಗಿಸಬೇಕು, ಯಾವ ಹೊತ್ತಿಗೆ ಅಂತ ಯಾರೂ ಹೇಳುವುದಿಲ್ಲ. ಯಾವ ಶ್ರುತಿಯಲ್ಲಿದ್ದರೂ ನಾಲ್ಕೇ ಬಾರ್‌ಗಳಲ್ಲಿ ಮೆರವಣಿಗೆಯ ಸಂಗೀತದ ಶ್ರುತಿಗೆ ಬಂದು ಸೇರುವ ದಾರಿಗಳನ್ನು ಮೊದಲೇ ಕೈಗೆ ಹತ್ತಿಸಿಕೊಂಡಿರಬೇಕು. ಶವಸಂಸ್ಕಾರಗಳಲ್ಲಿ ಮನೆಯವರು ಕೇಳಿದ್ದನ್ನು ನುಡಿಸುತ್ತೇನೆ, ಅಭಿರುಚಿಯ ಪಾಠ ಮಾಡಲು ಅದು ಸಮಯವಲ್ಲ.

ಕ್ವಾಯರ್, ಆರ್ಗನ್ ಎರಡನ್ನೂ ಏಕಕಾಲಕ್ಕೆ ನಡೆಸಬೇಕಾದಾಗ ಕಷ್ಟ ದುಪ್ಪಟ್ಟು. ಚಿಕ್ಕ ಗೀತೆಗಳಿಗೆ ಕನ್ಸೋಲಿನಿಂದಲೇ ತಲೆಯಾಡಿಸಿ ನಡೆಸುತ್ತೇನೆ, ಕನ್ನಡಿಯೊಂದು ಬೇಕಾಗುತ್ತದೆ. ದೊಡ್ಡ ಕೃತಿಗಳಿಗೆ ಅದು ಸಾಲದು. ಈಗ ನಾವು ಸಿದ್ಧಪಡಿಸುತ್ತಿರುವುದು ಫ್ರೆಂಚ್ ಸಂಗೀತಕಾರ ಫೋರೆಯ ರೆಕ್ವಿಯಮ್, ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನೆ. 1888ರಲ್ಲಿ ಪ್ಯಾರಿಸಿನ ಮಾದ್‌ಲೆನ್ ಚರ್ಚಿನಲ್ಲಿ ಅದು ಮೊದಲು ಹಾಡಲ್ಪಟ್ಟಾಗ ಫೋರೆ ಅಲ್ಲಿ ಕ್ವಾಯರ್ ನಿರ್ದೇಶಕ, ಮುಂದೆ ಅಲ್ಲೇ ಆರ್ಗನಿಸ್ಟ್ ಆದ. ಎರಡೂ ಕೆಲಸ ಬಲ್ಲವನ ಬರವಣಿಗೆ ಅಂತ ಪುಟಪುಟದಲ್ಲೂ ಗೊತ್ತಾಗುತ್ತದೆ, ಆರ್ಗನ್ ಎಲ್ಲಿಯೂ ಗಾಯಕರನ್ನು ತುಳಿಯುವುದಿಲ್ಲ. ನಾನು ಆರ್ಗನ್ ನುಡಿಸುತ್ತಿದ್ದೇನೆ. ಮುಂದೆ ನಿಂತು ನಡೆಸುವುದು ನಮ್ಮ ಆಲ್ಟೊಗಳಲ್ಲಿ ಒಬ್ಬರು, ನನ್ನ ಹತ್ತಿರವೇ ಕಲಿತವರು.

ಅವರ ಕೈ ನನಗೆ ಕಾಣಿಸುವುದು ಕ್ಯಾಮೆರಾ ಮೂಲಕ, ಕನ್ಸೋಲಿನ ಮೇಲಿಟ್ಟ ಪುಟ್ಟ ಪರದೆಯಲ್ಲಿ. ಮೊದಲ ಒಟ್ಟು ತಾಲೀಮಿನಲ್ಲಿ ಆರ್ಗನ್ ಹಿಂದೆ ಬೀಳುತ್ತಿದೆ ಎಂದು ಅವರು ಎರಡು ಸಲ ನಿಲ್ಲಿಸಿದರು. ನಾನು ಕಿವಿಯನ್ನು ಬದಿಗಿಟ್ಟು ಕೈಯನ್ನೇ ನೋಡುತ್ತಿದ್ದೆ. ಹತ್ತನೇ ಸಾಲಿನಲ್ಲಿಟ್ಟ ಫೋನಿನ ಧ್ವನಿಮುದ್ರಣ ಕೇಳಿದರೆ ಅವರು ಹೇಳಿದ್ದು ನಿಜ. ಪರದೆಯ ಮೇಲಿನ ಕೈಯೇ ತಡವಾಗಿ ಬರುತ್ತಿತ್ತು. ಡಿಜಿಟಲ್ ಕ್ಯಾಮೆರಾ ಚಿತ್ರವನ್ನು ಸಂಸ್ಕರಿಸಿ ಕಳಿಸಲು ಸಮಯ ತೆಗೆದುಕೊಳ್ಳುತ್ತದೆ, ಪರದೆ ತನ್ನ ಪಾಲಿನದನ್ನು ಸೇರಿಸುತ್ತದೆ. ಅದರ ಮೇಲೆ ಪೈಪುಗಳ ದೂರ. ಕ್ಯಾಮೆರಾ ಮುಂದೆ ಒಬ್ಬರನ್ನು ಚಪ್ಪಾಳೆ ತಟ್ಟಲು ನಿಲ್ಲಿಸಿ ನೋಡಿದೆವು, ಸದ್ದು ಬಂದು ಹೋದ ಮೇಲೆ ಪರದೆಯಲ್ಲಿ ಕೈಗಳು ಕೂಡಿದವು. ಉಗ್ರಾಣದಲ್ಲಿದ್ದ ಹಳೆಯ ಅನಲಾಗ್ ಕ್ಯಾಮೆರಾ, ತಂತಿ, ಡಬ್ಬದಂಥ ಹಳೇ ಟಿವಿ ಹೊರಗೆ ಬಂದವು. ಚಿತ್ರ ಕಪ್ಪುಬಿಳುಪು, ನಿರ್ದೇಶಕರ ಮುಖ ಯಾರದೆಂದು ಗುರುತು ಸಿಗುವುದಿಲ್ಲ. ಕೈ ಮಾತ್ರ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ. ಟಿವಿಯನ್ನು ಎಲ್ಲಿಡುವುದು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಕನ್ಸೋಲಿನ ಮೇಲೆ ಇಟ್ಟರೆ ಎಡಬದಿಯ ಸ್ಟಾಪ್ ಗುಬಟುಗಳಿಗೆ ಕೈ ಹೋಗುವುದಿಲ್ಲ.